ವರ್ಸೋವಾದ ಹಿರಿಯರು: ದಾದಾಭಾಯಿ ನವರೋಜಿಯವರ ಕೊನೆಯ ಹತ್ತು ವರುಷಗಳು



ಜೋಗೇಶ್ವರಿಯಿಂದ ಚರ್ಚ್‌ಗೇಟಿನ ಕಡೆಗೆ ಹೊರಟ ಗಾಡಿಗೆ ಮುಂದಿನ ನಿಲ್ದಾಣ ಅಂಧೇರಿ. ಅಲ್ಲಿ ಇಳಿದು ಮೆಟ್ರೋ ಗಾಡಿ ಹಿಡಿದು ಪಡುವಣಕ್ಕೆ ಹೋದರೆ ಮೊದಲು ಆಜಾದ್ ನಗರ, ಆಮೇಲೆ ಡಿ. ಎನ್. ನಗರ, ಕೊನೆಗೆ ವರ್ಸೋವಾ. ನಮ್ಮವರಲ್ಲಿ ಎಷ್ಟೋ ಜನ ಈ ಹೆಸರುಗಳನ್ನು ದಿನಕ್ಕೆರಡು ಸಲ ಕೇಳುತ್ತಾರೆ. ಡಿ. ಎನ್. ಎಂದರೆ ಏನೆಂದು ಕೇಳಿದರೆ ಮಾತ್ರ ಹತ್ತರಲ್ಲಿ ಎಂಟು ಜನ ತಲೆ ಕೆರೆದುಕೊಳ್ಳುತ್ತಾರೆ. ಡಿ. ಎನ್. ಎಂದರೆ ದಾದಾಭಾಯಿ ನವರೋಜಿ. ಈ ಹೆಸರು ಆ ನಿಲ್ದಾಣಕ್ಕೂ ಅದರ ಮುಂದಿನ ವರ್ಸೋವಾಕ್ಕೂ ಚೆನ್ನಾಗಿ ಒಪ್ಪುತ್ತದೆ. ಏಕೆಂದರೆ ಆ ಮಹಾನುಭಾವರು ತಮ್ಮ ಬಾಳಿನ ಕೊನೆಯ ಹತ್ತು ವರುಷಗಳನ್ನು, ೧೯೦೭ರಿಂದ ೧೯೧೭ರ ವರೆಗೆ, ವರ್ಸೋವಾದ ಕಡಲ ಕರೆಯ ಒಂದು ಬಂಗಲೆಯಲ್ಲಿ ಕಳೆದರು. ನಮ್ಮ ವಾಚನಾಲಯದಿಂದ ಐದಾರು ಕಿಲೋಮೀಟರು ದೂರದಲ್ಲಿ ನಡೆದ ಈ ಇತಿಹಾಸವನ್ನು ನಾವು ತಿಳಿಯದೆ ಇರಬಾರದೆಂದು ಈ ಸಲದ ಪಾಠಕ್ಕೆ ಇದೇ ವಿಷಯವನ್ನು ಆರಿಸಿಕೊಳ್ಳಲಾಗಿದೆ.

೧. ಹಿರಿಯರ ವಿಶ್ರಾಂತಿ

ದೊಡ್ಡ ಅಧಿಕಾರ ನಡೆಸಿದವರು ಮುಪ್ಪಿನಲ್ಲಿ ಊರ ಹೊರಗೆ, ನೀರಿನ ಮಗ್ಗುಲಿಗೆ, ಮರಗಳ ನೆರಳಿಗೆ ಹೋಗಿ ನೆಲಸುವುದು ಹಳೆಯ ವಾಡಿಕೆ. ಮೈಸೂರಿನ ದಿವಾನ್ ಪೂರ್ಣಯ್ಯನವರಿಗೆ ಅವರ ಸೇವೆಗಾಗಿ ೧೮೦೭ರಲ್ಲಿ ಯಳಂದೂರು ಜಹಗೀರಾಗಿ ಬಂತು. ಅವರು ಅಧಿಕಾರ ಬಿಟ್ಟದ್ದು ೧೮೧೧ರಲ್ಲಿ. ಮರುವರುಷವೇ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಜಹಗೀರಿನ ಸುಖ ಉಣ್ಣುವುದಕ್ಕೆ ಅವರಿಗೆ ಆಯುಸ್ಸೇ ಉಳಿಯಲಿಲ್ಲ.

ಅಮೇರಿಕದಲ್ಲಿ ಎಂಟನೆಯ ರಾಷ್ಟ್ರಾಧ್ಯಕ್ಷರಾಗಿದ್ದ ಮಾರ್ಟಿನ್ ವ್ಯಾನ್ ಬ್ಯೂರನ್ ೧೮೪೧ರಲ್ಲಿ ಪದವಿಯಿಂದಿಳಿದು, ತಾವು ಹುಟ್ಟಿದ ಕಿಂಡರ್‌ಹುಕ್ ಎಂಬ ಊರಿನಲ್ಲಿ ತಾವೇ ಕೊಂಡಿದ್ದ ಲಿಂಡನ್‌ವಾಲ್ಡ್ ಎಂಬ ತೋಟದ ಮನೆಗೆ ಹೋದರು. ಅಲ್ಲಿ ಬೇಸಾಯ ಮಾಡಿದರು. ಆದರೆ ಮನಸ್ಸು ರಾಜಕೀಯದಿಂದ ಬಿಡುಗಡೆ ಹೊಂದಲಿಲ್ಲ. ೧೮೪೪ರಲ್ಲಿ ಮತ್ತೆ ಅಧ್ಯಕ್ಷತೆಗೆ ಹೆಸರು ಮುಂದೆ ಮಾಡಿ ಪಕ್ಷದ ಒಪ್ಪಿಗೆ ಸಿಗದೆ ಹೋದರು. ೧೮೪೮ರಲ್ಲಿ ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದೆನ್ನುವ ಹೊಸ ಪಕ್ಷದ ಪರವಾಗಿ ನಿಂತು ಸೋತರು. ೧೮೬೨ರಲ್ಲಿ ಅದೇ ಮನೆಯಲ್ಲಿ ಕಣ್ಣು ಮುಚ್ಚಿದರು.

ಹೀಗೆ ಹಿರಿಯರಲ್ಲಿ ಕೆಲವರಿಗೆ ವಿಶ್ರಾಂತಿ ದೊರೆಯುವುದಿಲ್ಲ, ಕೆಲವರು ದೊರೆತರೂ ಒಲ್ಲೆನೆನ್ನುತ್ತಾರೆ. ದಾದಾಭಾಯಿಯವರ ವಿಶ್ರಾಂತಿ ಯಾವ ಬಗೆಯದು? ಇದನ್ನು ತಿಳಿಯಬೇಕಾದರೆ ಅವರು ವರ್ಸೋವಾಕ್ಕೆ ಏನನ್ನು ಹೊತ್ತು ತಂದರೆಂಬುದನ್ನು ಮೊದಲು ತಿಳಿಯಬೇಕು.

೨. ವರ್ಸೋವಾಕ್ಕೆ ಬರುವ ಮೊದಲು

ದಾದಾಭಾಯಿಯವರು ಹುಟ್ಟಿದ್ದು ೧೮೨೫ನೆಯ ಇಸವಿ ಸೆಪ್ಟೆಂಬರ್ ೪ರಂದು, ಬಡ ಪಾರ್ಸಿ ಪುರೋಹಿತರ ಮನೆತನದಲ್ಲಿ. ನಾಲ್ಕು ವರುಷದ ಮಗುವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಮಾಣಿಕಬಾಯಿಗೆ ಓದುಬರಹ ಬರುತ್ತಿರಲಿಲ್ಲ. ಆದರೂ ಮಗನನ್ನು ಶಾಲೆಗೆ ಕಳಿಸುವ ಹಟ ಆಕೆ ಬಿಡಲಿಲ್ಲ. ಆ ಕಾಲಕ್ಕೆ ಮುಂಬಯಿಯಲ್ಲಿ ನೇಟಿವ್ ಎಜುಕೇಶನ್ ಸೊಸಾಯಿಟಿಯ ಶಾಲೆಯಲ್ಲಿ ಫೀ ಇರಲಿಲ್ಲ. ಫೀ ಇದ್ದಿದ್ದರೆ ಈ ಹುಡುಗ ಓದುತ್ತಲೇ ಇರಲಿಲ್ಲ. ತಮ್ಮ ಓದಿನ ಖರ್ಚನ್ನು ಸಮಾಜ ಹೊತ್ತಿತು, ಆದ್ದರಿಂದ ತಮ್ಮ ದುಡಿಮೆಯ ಮೇಲೆ ಸಮಾಜಕ್ಕೆ ಹಕ್ಕಿದೆ ಎಂದು ಅವರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಪುಕ್ಕಟೆ ವಾಚನಾಲಯದಲ್ಲಿ ಕುಳಿತು ಇದನ್ನು ಓದುತ್ತಿರುವ ನಮಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಕಲಿತು ಅಲ್ಲಿಯೇ ಗಣಿತ ಮತ್ತು ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಆ ವಿದ್ಯಾಲಯದಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು ಅವರೇ. ೧೮೪೯ರಲ್ಲಿ ಅವರೂ ಅವರ ಗೆಳೆಯರೂ ಸಂಬಳವಿಲ್ಲದೆ ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದರು. ಹುಡುಗಿಯರಿಗೆ ಅಕ್ಷರ ಕಲಿಸಿದರೆ ಮನೆ ಕೆಡುತ್ತದೆಂದು ಹಿರಿಯರು ಕೂಗೆಬ್ಬಿಸಿದ ಕಾಲವದು. ೧೮೫೧ರಲ್ಲಿ 'ರಾಸ್ತ್ ಗೋಫ್ತಾರ್' ಎಂಬ ಗುಜರಾತಿ ಪತ್ರಿಕೆ ಹೊರಡಿಸಿದರು. ಹೆಸರಿನ ಅರ್ಥ 'ಸತ್ಯ ನುಡಿಯುವವನು'.

೧೮೫೫ರಲ್ಲಿ ಕಾಮಾ ಕಂಪನಿಯ ಪಾಲುದಾರರಾಗಿ ಇಂಗ್ಲಂಡಿಗೆ ಹೋದರು. ಕಂಪನಿ ಅಫೀಮು, ಮದ್ಯಗಳ ವ್ಯಾಪಾರದಲ್ಲಿಯೂ ಕೈಯಿಟ್ಟಿದ್ದು ಮನಸ್ಸಿಗೆ ಒಗ್ಗದೆ ಅದನ್ನು ಬಿಟ್ಟು, ಸ್ವಂತ ಹತ್ತಿ ವ್ಯಾಪಾರಕ್ಕಿಳಿದರು. ಅಂದಿನಿಂದ ೧೯೦೭ರ ವರೆಗೆ, ನಡುನಡುವೆ ಊರಿಗೆ ಬಂದುಹೋಗುತ್ತ, ಬಾಳಿನ ಹೆಚ್ಚಿನ ಪಾಲು ಪರಸ್ಥಳದಲ್ಲಿಯೇ ಕಳೆಯಿತು. ೧೮೭೪ರಲ್ಲಿ ಬಡೋದೆಯ ದಿವಾನಗಿರಿ ಒಪ್ಪಿಕೊಂಡು, ಕೆಲಸ ಮಾಡಗೊಡದ ವಾತಾವರಣ ಕಂಡು ಸ್ವಲ್ಪ ಕಾಲದಲ್ಲಿಯೇ ರಾಜೀನಾಮೆ ಕೊಟ್ಟರು. ಮುಂಬಯಿಯ ನಗರಸಭೆಯಲ್ಲಿ ಸದಸ್ಯರಾಗಿ ದುಡಿದರು. ೧೮೮೫ರಲ್ಲಿ ಕಾಂಗ್ರೆಸ್ಸು ಹುಟ್ಟಿದಾಗ ಅದರ ಮೊದಲ ಸಭೆಯಲ್ಲಿ ಇದ್ದರು. ಮುಂದೆ ಮೂರು ಸಲ, ೧೮೮೬, ೧೮೯೩ ಮತ್ತು ೧೯೦೬ರಲ್ಲಿ, ಅದರ ಅಧ್ಯಕ್ಷರಾದರು.

ಬ್ರಿಟಿಷ್ ಪಾರ್ಲಿಮೆಂಟಿನ ಚುನಾವಣೆಗೆ ೧೮೮೬ರಲ್ಲಿ ನಿಂತು ಸೋತರು. ೧೮೮೮ರಲ್ಲಿ ಪ್ರಧಾನಮಂತ್ರಿ ಸಾಲಿಸ್‌ಬರಿ ಪ್ರಭುಗಳು ತುಂಬಿದ ಸಭೆಯಲ್ಲಿ ಇವರನ್ನು 'ಕರಿಯ' ಎಂದು ಕರೆದು ಹೀಯಾಳಿಸಿದರು. ಆ ಮಾತೇ ಇಂಗ್ಲಂಡಿನ ಅನೇಕ ನ್ಯಾಯವಂತರನ್ನು ಇವರ ಕಡೆಗೆ ತಿರುಗಿಸಿತು. ೧೮೯೨ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಿಂದ ಗೆದ್ದರು. ಎಷ್ಟು ಮತಗಳಿಂದ? ಕೇವಲ ಐದು! ಇವರಿಗೆ ೨,೯೬೧, ಎದುರಾಳಿಗೆ ೨,೯೫೬. ನವರೋಜಿ ಎಂಬ ಹೆಸರು ಇಂಗ್ಲಿಷರ ನಾಲಗೆಗೆ ಹೊರಳದ್ದರಿಂದ 'ನ್ಯಾರೋ ಮೆಜಾರಿಟಿ' (ಅಂದರೆ ಕೂದಲೆಳೆಯ ಬಹುಮತ) ಎಂದು ಅವರನ್ನು ತಮಾಷೆಗೆ ಕರೆದರಂತೆ. ೧೮೯೫ರ ಚುನಾವಣೆಯಲ್ಲಿ ಆ ಸ್ಥಾನ ಕೈಬಿಟ್ಟಿತು.

೩. ಒಂದು ಲೆಕ್ಕದ ಪಾಠ

ದಾದಾಭಾಯಿಯವರ ದೊಡ್ಡ ಆಯುಧ ಭಾಷಣವಲ್ಲ, ಲೆಕ್ಕ. ನಮ್ಮಲ್ಲಿ ಲೆಡ್ಜರು ಬರೆಯುವ ಗುಮಾಸ್ತರು ಹಲವರಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಸರಕಾರದ ಪ್ರಾಂತವಾರು ವರದಿಗಳನ್ನೇ ತೆಗೆದುಕೊಂಡು, ೧೮೬೭–೭೦ರ ಸುಮಾರಿಗೆ ಬ್ರಿಟಿಷ್ ಹಿಂದೂಸ್ಥಾನದಲ್ಲಿ ಬೆಳೆ, ಉಪ್ಪು, ಗಣಿ, ಕೈಗಾರಿಕೆ ಎಲ್ಲ ಕೂಡಿ ಒಂದು ವರುಷಕ್ಕೆ ಎಷ್ಟು ಹುಟ್ಟುವಳಿ ಎಂದು ಅವರು ಕೂಡಿಸಿದರು. ಮೊತ್ತ ಸುಮಾರು ೩೪೦ ಕೋಟಿ ರೂಪಾಯಿ. ಜನಸಂಖ್ಯೆ ಸುಮಾರು ೧೭ ಕೋಟಿ. ಭಾಗಿಸಿದರೆ ತಲೆಗೆ ವರುಷಕ್ಕೆ ೨೦ ರೂಪಾಯಿ. ಇನ್ನೊಂದು ಕಡೆ, ಸೆರೆಮನೆಯ ಕೈದಿಗಳಿಗೆ ಸರಕಾರ ಕೊಡುತ್ತಿದ್ದ ಊಟ-ಬಟ್ಟೆಯ ಖರ್ಚನ್ನು ಆಧಾರವಾಗಿಟ್ಟುಕೊಂಡು, ಒಬ್ಬ ಮನುಷ್ಯ ಬದುಕಿ ಉಳಿಯಲು ಕನಿಷ್ಠ ಎಷ್ಟು ಬೇಕೆಂದು ನೋಡಿದರು. ಪ್ರಾಂತಕ್ಕೆ ತಕ್ಕಂತೆ ೧೬ರಿಂದ ೩೫ ರೂಪಾಯಿ ಬೇಕಾಗುತ್ತಿತ್ತು. ಆ ೨೦ ರೂಪಾಯಿಯಾದರೂ ಸರಾಸರಿ. ಅದರಲ್ಲಿ ಜಮೀನ್‌ದಾರ, ಸಾಹುಕಾರ, ದೊಡ್ಡ ಅಧಿಕಾರಿಗಳ ಪಾಲೂ ಸೇರಿದೆ. ಅವರ ಪಾಲು ತೆಗೆದರೆ ಕೂಲಿಯವನಿಗೆ ಉಳಿಯುವುದೆಷ್ಟು? ಅಂದರೆ ಎಷ್ಟೋ ಕಡೆ ಕಳ್ಳನಿಗೆ ಸರಕಾರ ಕೊಡುವಷ್ಟು ಅನ್ನ ದುಡಿದು ತಿನ್ನುವ ರೈತನಿಗೆ ಇರಲಿಲ್ಲ. ಈ ವಾದವನ್ನು ಅವರು ೧೮೭೬ರಲ್ಲಿ ಪ್ರಬಂಧವಾಗಿ ಓದಿದರು. ೧೯೦೧ರಲ್ಲಿ ಇಂಥ ಬರಹಗಳನ್ನೆಲ್ಲ ಕೂಡಿಸಿ, ಭಾರತದ ಬಡತನ ಮತ್ತು ಬ್ರಿಟಿಷರಿಗೆ ತಕ್ಕುದಲ್ಲದ ಆಳಿಕೆ ಎಂಬ ಅರ್ಥದ ಹೆಸರಿನ ದಪ್ಪ ಪುಸ್ತಕವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು.

ಈ ಬಡತನಕ್ಕೆ ಕಾರಣವೇನು? ದೇಶದ ಸಂಪತ್ತು ಸೋರಿಹೋಗುತ್ತಿದೆ ಎಂದರು ದಾದಾಭಾಯಿ. ಇಂಗ್ಲಿಷ್ ಅಧಿಕಾರಿಗಳ ಸಂಬಳ, ಅವರ ಪೆನ್ಶನ್ನು, ಲಂಡನ್ನಿನಲ್ಲಿದ್ದ ಇಂಡಿಯಾ ಕಚೇರಿಯ ಖರ್ಚು, ನಮಗೆ ಸಂಬಂಧವಿಲ್ಲದ ಯುದ್ಧಗಳ ವೆಚ್ಚ, ಇವೆಲ್ಲ ನಮ್ಮ ಬೊಕ್ಕಸದಿಂದ. ಹೊರಗೆ ಹೋಗುವ ಸರಕು ಹೆಚ್ಚು, ಅದಕ್ಕೆ ಬದಲು ಒಳಗೆ ಬರುವುದು ಕಡಿಮೆ. ವರುಷ ವರುಷವೂ ಖಾತೆಯಲ್ಲಿ ಬಾಕಿ.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ನಾವೂ ತಿಂಗಳು ತಿಂಗಳು ಊರಿಗೆ ಹಣ ಕಳಿಸುತ್ತೇವಲ್ಲ, ಅದೂ ಮುಂಬಯಿಯಿಂದ ಸೋರಿಹೋಗುವ ಸಂಪತ್ತೇ ಅಲ್ಲವೆ? ಹಾಗಲ್ಲ. ನಾವು ಕಳಿಸುವುದು ದುಡಿದು ಗಳಿಸಿದ ಕೂಲಿ. ನಮ್ಮ ದುಡಿಮೆ ಈ ಊರಿನಲ್ಲಿಯೇ ಉಳಿಯಿತು. ಬಟ್ಟೆಯಾಗಿ, ಕಟ್ಟಡವಾಗಿ, ಹೋಟೆಲಿನ ಅನ್ನವಾಗಿ ಉಳಿಯಿತು. ನಮ್ಮನ್ನು ಕೆಲಸಕ್ಕೆ ಕರೆದವರು ತಮಗೆ ಬೇಕೆಂದೇ ಕರೆದರು. ಆದರೆ ಅಂದಿನ ಅಧಿಕಾರಿಯನ್ನು ಇಲ್ಲಿಯ ಜನ ಕರೆದಿರಲಿಲ್ಲ. ಅವನ ಸಂಬಳ ಎಷ್ಟೆಂದು ಹೇಳುವ ಅಧಿಕಾರವೂ ತೆರಿಗೆ ಕೊಡುವವನಿಗೆ ಇರಲಿಲ್ಲ. ಇಲ್ಲಿಯೇ ವ್ಯತ್ಯಾಸವಿದೆ.

ದಾದಾಭಾಯಿ ಇನ್ನೂ ಒಂದು ಸೋರಿಕೆಯನ್ನು ಹೇಳಿದರು. ಹಣದ್ದಕ್ಕಿಂತ ಅದು ದೊಡ್ಡದೆಂದು ತೋರುತ್ತದೆ. ಮೂವತ್ತು ವರುಷ ಈ ದೇಶದಲ್ಲಿ ಆಡಳಿತ ನಡೆಸಿ ಕಲಿತ ಅಧಿಕಾರಿ ನಿವೃತ್ತನಾದೊಡನೆ ಹಡಗು ಹತ್ತಿ ಹೋಗುತ್ತಾನೆ. ಪೆನ್ಶನ್ನಿನ ಜೊತೆಗೆ ಅವನ ಅನುಭವವೂ ವಿವೇಕವೂ ಹೋಗುತ್ತವೆ. ಊರಿನಲ್ಲಿ ಹಿರಿಯನಾಗಿ ಕುಳಿತು ಕಿರಿಯರಿಗೆ ದಾರಿ ಹೇಳುವವರು ಉಳಿಯುವುದಿಲ್ಲ. ಹಿರಿಯರಿಲ್ಲದ ಮನೆಯಂತೆ ದೇಶ ಬರಿದಾಗುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಇನ್ನು ವರ್ಸೋವಾಕ್ಕೆ ಹೋಗೋಣ.

೪. ಕಡಲ ಕರೆಯ ಮನೆ

೧೯೦೬ರ ಡಿಸೆಂಬರಿನಲ್ಲಿ ಕಲಕತ್ತೆಯ ಕಾಂಗ್ರೆಸ್ಸಿಗೆ ದಾದಾಭಾಯಿಯವರು ಇಂಗ್ಲಂಡಿನಿಂದ ಬಂದು ಅಧ್ಯಕ್ಷತೆ ವಹಿಸಿದರು. ವಯಸ್ಸು ೮೧. ಕಾಂಗ್ರೆಸ್ಸು ಆಗ ಸೌಮ್ಯರು, ಉಗ್ರರು ಎಂದು ಎರಡು ಬಣಗಳಾಗಿ ಬಿರುಕು ಬಿಡುತ್ತಿತ್ತು. ಇಬ್ಬರಿಗೂ ಒಪ್ಪುವ ಹಿರಿಯರು ಇವರೊಬ್ಬರೇ ಎಂದು ಕರೆಸಿದ್ದರು. ದನಿ ಸಾಲದೆ ಭಾಷಣದ ಬಹುಪಾಲನ್ನು ಗೋಪಾಲಕೃಷ್ಣ ಗೋಖಲೆಯವರು ಓದಬೇಕಾಯಿತು. ಆ ಭಾಷಣದಲ್ಲಿಯೇ 'ಸ್ವರಾಜ್ಯ' ಎಂಬ ಮಾತು ಕಾಂಗ್ರೆಸ್ಸಿನ ಅಧ್ಯಕ್ಷ ಪೀಠದಿಂದ ಗುರಿಯಾಗಿ ಕೇಳಿಬಂತು. ಆಮೇಲೆ ಅವರು ಇಂಗ್ಲಂಡಿಗೆ ಮರಳಿದರು. ಆದರೆ ದೇಹ ಸೋತಿತ್ತು. ೧೯೦೭ರಲ್ಲಿ ಶಾಶ್ವತವಾಗಿ ಊರಿಗೆ ಬಂದು ವರ್ಸೋವಾದಲ್ಲಿ ನೆಲಸಿದರು.

ಅಂದಿನ ವರ್ಸೋವಾವನ್ನು ಇಂದಿನ ಕಣ್ಣಿನಿಂದ ನೋಡಬಾರದು. ಅದು ಕೋಳಿ ಜನರ, ಅಂದರೆ ನಮ್ಮ ಕರಾವಳಿಯ ಮೊಗವೀರರಂತೆ ಕಡಲನ್ನೇ ನಂಬಿದ ಮೀನುಗಾರರ, ಹಳ್ಳಿ. ಅಂಧೇರಿಯಾಗಲಿ ಜೋಗೇಶ್ವರಿಯಾಗಲಿ ಆಗ ಮುಂಬಯಿ ನಗರಕ್ಕೆ ಸೇರಿರಲಿಲ್ಲ. ಮರಾಠಿಯಲ್ಲಿ ಸಾಷ್ಟಿ ಎಂದು ಕರೆಯುವ ದ್ವೀಪದ ಹಳ್ಳಿಗಳಾಗಿ ಠಾಣೆ ಜಿಲ್ಲೆಯಲ್ಲಿದ್ದವು. ಮುಂಬಯಿ ಉಪನಗರ ಜಿಲ್ಲೆ ಏರ್ಪಟ್ಟದ್ದೇ ೧೯೨೦ರಲ್ಲಿ. ರೈಲಿನಿಂದ ಅಂಧೇರಿಯಲ್ಲಿ ಇಳಿದವರು ಗದ್ದೆ ಬಯಲುಗಳನ್ನು ದಾಟಿ ಕಡಲ ಕಡೆಗೆ ಹೋಗಬೇಕಾಗಿತ್ತು. ಗದ್ದಲವಿಲ್ಲದ ಜಾಗ, ಉಪ್ಪುಗಾಳಿ, ಅಲೆಗಳ ಸದ್ದು. ಎಂಬತ್ತು ದಾಟಿದ ದೇಹಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಾಗಿರಲಿಲ್ಲ.

ಇದು ಜಹಗೀರಲ್ಲ, ನೂರಾರು ಎಕರೆಯ ತೋಟವೂ ಅಲ್ಲ. ವ್ಯಾಪಾರದಲ್ಲಿ ಒಮ್ಮೆ ದಿವಾಳಿಯ ಅಂಚಿಗೆ ಹೋಗಿಬಂದಿದ್ದ ದಾದಾಭಾಯಿಯವರು ಸಾರ್ವಜನಿಕ ಕೆಲಸದಿಂದ ಆಸ್ತಿ ಮಾಡಿಕೊಂಡವರಲ್ಲ. ಲಂಡನ್ನಿನಲ್ಲಿ ಅವರಿದ್ದ ಅನರ್ಲಿ ಪಾರ್ಕಿನ ಮನೆಗೆ 'ವಾಷಿಂಗ್ಟನ್ ಹೌಸ್' ಎಂಬ ದೊಡ್ಡ ಹೆಸರಿತ್ತಾದರೂ ಅದು ಅರಮನೆಯಾಗಿರಲಿಲ್ಲ. ಭಾರತದ ವಿಚಾರ ಮಾತಾಡುವವರು ಬಂದು ಕೂಡುವ ಒಂದು ನೆಲೆಯಾಗಿತ್ತು. ೨೦೨೨ರಲ್ಲಿ ಆ ಮನೆಯ ಗೋಡೆಗೆ ಅವರ ನೆನಪಿನ ನೀಲಿ ಫಲಕ ಹಾಕಿದ್ದಾರೆ.

ವರ್ಸೋವಾದಲ್ಲಿ ಅವರು ಸಭೆಗಳಿಗೆ ಹೋಗುವುದನ್ನು ಬಿಟ್ಟರು. ಪತ್ರಿಕೆ ಓದುವುದನ್ನೂ ಬಂದ ಪತ್ರಗಳಿಗೆ ಉತ್ತರಿಸುವುದನ್ನೂ ಬಿಡಲಿಲ್ಲ. ಪ್ರತಿ ಸೆಪ್ಟೆಂಬರ್ ೪ರಂದು ಅವರ ಹುಟ್ಟುಹಬ್ಬವನ್ನು ಜನ ಸಭೆ ಸೇರಿ ಆಚರಿಸುತ್ತಿದ್ದರು. ಹಿರಿಯರ ಸಂದೇಶಕ್ಕಾಗಿ ಕಾಯುತ್ತಿದ್ದರು. ಸಲಹೆ ಬೇಡಿ ಕಾರ್ಯಕರ್ತರು ವರ್ಸೋವಾಕ್ಕೆ ಬರುತ್ತಿದ್ದರು. ಅವರು ಕೂಡಿಟ್ಟ ಕಾಗದಪತ್ರಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಬಂದ ಪತ್ರ, ಬರೆದ ಪತ್ರದ ನಕಲು, ಬಿಲ್ಲು, ರಸೀದಿ ಯಾವುದನ್ನೂ ಅವರು ಎಸೆಯುತ್ತಿರಲಿಲ್ಲ. ಹಾಗೆ ಉಳಿದ ಸಾವಿರಾರು ಕಾಗದಗಳು ಇಂದು ದಿಲ್ಲಿಯ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಅವರ ಕಾಲದ ಚರಿತ್ರೆ ಬರೆಯುವವರಿಗೆ ಅವೇ ಗಣಿ. ಕಾಗದವನ್ನು ಜೋಡಿಸಿಡುವ ಗುಮಾಸ್ತನ ಕೆಲಸ ಕೀಳೆಂದು ಯಾರಾದರೂ ಅಂದರೆ ಈ ಸಂಗತಿಯನ್ನು ಅವರಿಗೆ ಹೇಳಿರಿ.

೫. ದೂರದ ಗುಡುಗು

ಮನೆ ಶಾಂತವಾಗಿದ್ದರೂ ಕಾಲ ಶಾಂತವಾಗಿರಲಿಲ್ಲ. ೧೯೦೭ರ ಕೊನೆಗೆ ಸೂರತ್ತಿನಲ್ಲಿ ಕಾಂಗ್ರೆಸ್ಸು ಒಡೆಯಿತು. ಒಂದು ವರುಷದ ಹಿಂದೆ ಈ ಅಜ್ಜ ಕಟ್ಟಿ ಹಿಡಿದಿದ್ದ ಮನೆ ಎರಡಾಯಿತು. ೧೯೦೮ರ ಜುಲೈಯಲ್ಲಿ ಲೋಕಮಾನ್ಯ ತಿಲಕರಿಗೆ ಆರು ವರುಷಗಳ ಶಿಕ್ಷೆಯಾದಾಗ ಮುಂಬಯಿಯ ಗಿರಣಿ ಕೆಲಸಗಾರರು ಆರು ದಿನ ಗಿರಣಿಗಳನ್ನು ನಿಲ್ಲಿಸಿ ಬೀದಿಗಿಳಿದರು. ಗುಂಡು ಹಾರಿತು, ಜನ ಸತ್ತರು. ಪಾರ್ಲಿಮೆಂಟಿನ ಬಾಗಿಲು ತಟ್ಟುವುದೇ ದಾರಿಯೆಂದು ಬಾಳೆಲ್ಲ ನಂಬಿದವರ ಎದುರಿಗೆ ಬೇರೆ ದಾರಿಗಳು ತೆರೆಯುತ್ತಿದ್ದವು.

ಅರ್ಜಿಗಳಿಂದ ಏನೂ ಆಗಲಿಲ್ಲ, ಹಳಬರು ಕಾಲ ಕಳೆದರು ಎಂದು ಯುವಕರು ಮೂದಲಿಸುತ್ತಿದ್ದರು. ಈ ಮೂದಲಿಕೆಗೆ ಒಳ್ಳೆಯ ಉತ್ತರ ಬಂದದ್ದು ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರಿಂದ. ೧೯೦೯ರಲ್ಲಿ ಬರೆದ 'ಹಿಂದ್ ಸ್ವರಾಜ್'ದ ಮೊದಲ ಅಧ್ಯಾಯದಲ್ಲಿಯೇ ಇದರ ಚರ್ಚೆಯಿದೆ. ಅಲ್ಲಿ ವಾಚಕನು ದಾದಾಭಾಯಿಯವರ ವಿಷಯದಲ್ಲಿ ಸಿಡಿಮಿಡಿಗೊಳ್ಳುತ್ತಾನೆ. ಸಂಪಾದಕನು, ನಾವು ಇಂದು ನಿಂತಿರುವುದು ಅವರು ಕಟ್ಟಿದ ನೆಲಗಟ್ಟಿನ ಮೇಲೆ ಎಂಬರ್ಥದಲ್ಲಿ ತಿಳಿಹೇಳುತ್ತಾನೆ. ಅದೇ ಪುಸ್ತಕದ ಕೊನೆಗೆ ಓದಬೇಕಾದ ಗ್ರಂಥಗಳ ಯಾದಿಯಲ್ಲಿ ದಾದಾಭಾಯಿಯವರ ಪುಸ್ತಕವೂ ಇದೆ.

ದಾದಾಭಾಯಿಯವರೂ ನಿಂತ ನೀರಾಗಿರಲಿಲ್ಲ. ೧೯೧೪ರಲ್ಲಿ ಯುದ್ಧ ಬಂದಾಗ ಬ್ರಿಟನ್ನಿಗೆ ನೆರವಾಗಬೇಕೆಂದು ಹೇಳಿಕೆ ಕೊಟ್ಟರು. ಇದು ಅವರ ಹಳೆಯ ನಂಬಿಕೆ. ಆದರೆ ಮರುವರುಷ ಅನಿ ಬೆಸೆಂಟರು ಹೋಮ್ ರೂಲ್, ಅಂದರೆ ಸ್ವಂತ ಆಳಿಕೆಯ ಸಂಘದ ಯೋಚನೆ ತಂದಾಗ, ಎಷ್ಟೋ ಸೌಮ್ಯ ಮುಖಂಡರು ಹಿಂಜರಿದರೂ, ತೊಂಬತ್ತರ ಈ ವೃದ್ಧರು ಬೆಂಬಲ ಕೊಟ್ಟರು. ಕೆಲವರು ವಯಸ್ಸಾದಂತೆ ಹಿಂದಕ್ಕೆ ಸರಿಯುತ್ತಾರೆ. ಇವರು ಒಂದೊಂದೇ ಹೆಜ್ಜೆ ಮುಂದಕ್ಕೇ ಇಟ್ಟರು.

ಅಷ್ಟರಲ್ಲಿ ಸಂಗಾತಿಗಳು ಒಬ್ಬೊಬ್ಬರೇ ಹೊರಟುಹೋಗಿದ್ದರು. ರಾನಡೆಯವರು ೧೯೦೧ರಲ್ಲಿ, ಬದ್ರುದ್ದೀನ್ ತಯ್ಯಬ್‌ಜಿಯವರು ೧೯೦೬ರಲ್ಲಿ, ರಮೇಶಚಂದ್ರ ದತ್ತರು ೧೯೦೯ರಲ್ಲಿ, ಹ್ಯೂಮರು ೧೯೧೨ರಲ್ಲಿ. ೧೯೧೫ರ ಒಂದೇ ವರುಷದಲ್ಲಿ ಗೋಖಲೆಯವರೂ ಫಿರೋಜಶಹಾ ಮೆಹತಾ ಅವರೂ ತೀರಿಕೊಂಡರು. ಇವರಿಗೆ ಬರಲಾರದ ದನಿಯನ್ನು ಕಲಕತ್ತೆಯಲ್ಲಿ ಕೊಟ್ಟವರು ಗೋಖಲೆ. ವಯಸ್ಸಿನಲ್ಲಿ ಇವರಿಗಿಂತ ನಲವತ್ತು ವರುಷ ಕಿರಿಯರು. ಅವರೂ ಮೊದಲೇ ಹೋದರು. ದೀರ್ಘಾಯುಸ್ಸು ಎಂದು ನಾವು ಹರಸುವ ಮಾತಿನಲ್ಲಿ ಇಂಥ ಭಾರವೂ ಇರುತ್ತದೆ.

೬. ಮೊಮ್ಮಕ್ಕಳು

ದಾದಾಭಾಯಿಯವರ ಒಬ್ಬನೇ ಮಗ ಅರ್ದೇಶಿರ್ ವೈದ್ಯರಾಗಿದ್ದವರು, ೧೮೯೩ರಲ್ಲಿಯೇ, ಪ್ರಾಯದಲ್ಲಿಯೇ ತೀರಿಕೊಂಡಿದ್ದರು. ತಂದೆ ಆಗ ಲಂಡನ್ನಿನಲ್ಲಿ ಪಾರ್ಲಿಮೆಂಟಿನ ಸದಸ್ಯರು. ಮಗನ ಕೊನೆಗಾಲಕ್ಕೆ ಹತ್ತಿರ ಇರಲಾರದ ನೋವು ಏನೆಂಬುದು ಊರು ಬಿಟ್ಟು ದುಡಿಯುವ ನಮಗೆಲ್ಲ ಗೊತ್ತು. ಟಪಾಲು ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಆ ಮಗನ ಮಕ್ಕಳಿಗೆ ಮಾತ್ರ ಅಜ್ಜ ಕೊನೆಗಾದರೂ ಸಿಕ್ಕರು. ಮೊಮ್ಮಗಳು ಪೆರಿನ್ ಹುಟ್ಟಿದ್ದು ೧೮೮೮ರಲ್ಲಿ. ಪ್ಯಾರಿಸ್ಸಿನಲ್ಲಿ ಓದುವಾಗ ಮೇಡಂ ಭಿಕಾಜಿ ಕಾಮಾ ಅವರ ಬಳಗ ಸೇರಿದರು. ಆಮೇಲೆ ಗಾಂಧೀಜಿಯ ದಾರಿ ಹಿಡಿದು ಖಾದಿ ತೊಟ್ಟು, ೧೯೩೦ರ ಚಳವಳಿಯಲ್ಲಿ ಸೆರೆಮನೆ ಸೇರಿದರು. ೧೯೫೪ರಲ್ಲಿ, ಪದ್ಮಶ್ರೀ ಪ್ರಶಸ್ತಿ ಆರಂಭವಾದ ವರುಷವೇ, ಅದು ಅವರಿಗೆ ಬಂತು. ೧೯೫೮ರಲ್ಲಿ ತೀರಿಕೊಂಡರು. ಅವರ ಅಕ್ಕತಂಗಿಯರಾದ ಗೋಶಿಬೆನ್, ನರ್ಗಿಸ್, ಖುರ್ಶಿದ್ ಇವರೂ ದೇಶಸೇವೆಗಿಳಿದರು. ಖುರ್ಶಿದ್‌ಬೆನ್ ಅವರಂತೂ ದೂರದ ವಾಯವ್ಯ ಗಡಿ ಪ್ರಾಂತದಲ್ಲಿ ಪಠಾಣರ ನಡುವೆ ಒಬ್ಬರೇ ಹೋಗಿ ಶಾಂತಿಯ ಕೆಲಸ ಮಾಡಿದರು.

೧೮೪೯ರಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಹೊರಟ ತರುಣನನ್ನು ಊರು ಬೈಯಿತು. ಅರವತ್ತು ಎಪ್ಪತ್ತು ವರುಷಗಳ ಮೇಲೆ ಆತನ ಮನೆಯ ಹೆಣ್ಣುಮಕ್ಕಳೇ ದೇಶದ ಕೆಲಸಕ್ಕೆ ಹೆಗಲು ಕೊಟ್ಟರು. ಬಿತ್ತಿದ್ದು ಹಾಳಾಗಲಿಲ್ಲ.

೭. ಕೊನೆಯ ಗೌರವ

೧೯೧೬ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಅವರಿಗೆ 'ಡಾಕ್ಟರ್ ಆಫ್ ಲಾಸ್' ಎಂಬ ಗೌರವ ಪದವಿ ಕೊಟ್ಟಿತು. ತೊಂಬತ್ತರ ವೃದ್ಧರು ವರ್ಸೋವಾದಿಂದ ಕೋಟೆಗೆ ಹೋಗಿ ಅದನ್ನು ಸ್ವೀಕರಿಸಿದರು. ಆ ವಿಶ್ವವಿದ್ಯಾಲಯ ಹುಟ್ಟಿದ್ದೇ ೧೮೫೭ರಲ್ಲಿ. ಅದಕ್ಕೆ ಎರಡು ವರುಷ ಮೊದಲೇ ಇವರು ಪ್ರೊಫೆಸರಗಿರಿ ಬಿಟ್ಟು ಇಂಗ್ಲಂಡಿಗೆ ಹೋಗಿದ್ದರು. ಪದವಿ ಕೊಡುವ ವಿದ್ಯಾಪೀಠಕ್ಕಿಂತ ಪದವಿ ಪಡೆದ ವಿದ್ಯಾರ್ಥಿಯೇ ಹಿರಿಯ!

೧೯೧೭ರ ಜೂನ್ ೩೦ರಂದು ದಾದಾಭಾಯಿಯವರು ಮುಂಬಯಿಯಲ್ಲಿ ಕೊನೆಯುಸಿರೆಳೆದರು. ಅದಕ್ಕೆ ಎರಡು ವಾರ ಮೊದಲು ಮದರಾಸು ಸರಕಾರ ಅನಿ ಬೆಸೆಂಟರನ್ನು ಬಂಧನದಲ್ಲಿಟ್ಟು ದೇಶವೆಲ್ಲ ಕುದಿಯುತ್ತಿತ್ತು. ಮಲಬಾರ್ ಗುಡ್ಡದ ಪಾರ್ಸಿ ದಖ್ಮೆಯ ಬಳಿ ನೆರೆದ ಜನಸ್ತೋಮದ ಎದುರು ಸರ್ ನಾರಾಯಣ ಚಂದಾವರಕರರು ಮಾತಾಡಿದರು. ಚಂದಾವರಕರರು ನಮ್ಮ ಉತ್ತರ ಕನ್ನಡದ ಹೊನ್ನಾವರದಲ್ಲಿ ಹುಟ್ಟಿ, ಮುಂಬಯಿಗೆ ಬಂದು, ಹೈಕೋರ್ಟಿನ ನ್ಯಾಯಾಧೀಶರಾಗಿ, ೧೯೦೦ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು. ಆ ಪಾರ್ಸಿ ಹಿರಿಯರಿಗೆ ಕೊನೆಯ ನಮನ ಸಲ್ಲಿಸಿದವರಲ್ಲಿ ನಮ್ಮ ಕಡಲ ಸೀಮೆಯ ಒಬ್ಬರಿದ್ದರೆಂಬುದು ನೆನಪಿಡುವ ಮಾತು.

ಏಳು ವಾರಗಳ ಮೇಲೆ, ಆಗಸ್ಟ್ ೨೦ರಂದು, ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರಕಾರ ಕೊಡುವುದೇ ತಮ್ಮ ಗುರಿ ಎಂದು ಬ್ರಿಟಿಷ್ ಸರಕಾರ ಪಾರ್ಲಿಮೆಂಟಿನಲ್ಲಿ ಸಾರಿತು. ಇವರು ಅರ್ಧ ಶತಮಾನ ಕೇಳಿದ ಮಾತದು. ಕೇಳುವುದಕ್ಕೆ ಇವರಿರಲಿಲ್ಲ. ಸ್ವಾತಂತ್ರ್ಯಕ್ಕೆ ಇನ್ನೂ ಮೂವತ್ತು ವರುಷ ಉಳಿದಿತ್ತು.

೮. ನಮಗೇನು ಪಾಠ?

ನಾವು ಊರು ಬಿಟ್ಟು ಬಂದವರು. ಕುಂದಾಪುರ, ಕಾಪು, ಕಾಸರಗೋಡು, ಕಾರವಾರ, ಬಿಜಾಪುರ, ಗುಲಬರ್ಗಾ ಎಲ್ಲ ಕಡೆಯವರೂ ಇದ್ದೇವೆ. ದುಡಿಯುವಾಗ 'ಕೊನೆಗೆ ಊರಿಗೆ ಹೋಗುವುದು' ಎಂಬ ಮಾತು ಎಲ್ಲರ ಬಾಯಲ್ಲಿಯೂ ಇರುತ್ತದೆ. ಹೋಗುವಾಗ ಏನು ಒಯ್ಯುತ್ತೇವೆಂದು ಕೇಳಿದರೆ ಫಂಡಿನ ಹಣ, ಒಂದು ಟ್ರಂಕು, ಮೊಮ್ಮಕ್ಕಳಿಗೆ ಬಟ್ಟೆ ಎನ್ನುತ್ತೇವೆ.

ದಾದಾಭಾಯಿಯವರ ಲೆಕ್ಕದಲ್ಲಿ ಇನ್ನೊಂದು ಬಾಬು ಇತ್ತು, ಅನುಭವ. ಇಂಗ್ಲಿಷ್ ಅಧಿಕಾರಿಗಳು ಅದನ್ನು ಹಡಗಿನಲ್ಲಿ ಒಯ್ದರೆಂದು ದೂರಿದ ಅವರು, ತಾವು ಮಾತ್ರ ಇಂಗ್ಲಂಡಿನಲ್ಲಿ ಗಳಿಸಿದ ಐವತ್ತು ವರುಷಗಳ ಅನುಭವವನ್ನು ಹೊತ್ತು ವರ್ಸೋವಾಕ್ಕೆ ತಂದರು. ಕೇಳಬಂದವರಿಗೆ ಹಂಚಿದರು. ತಾವು ಬೋಧಿಸಿದ ಪಾಠವನ್ನು ತಾವೇ ನಡೆಸಿ ತೋರಿಸಿದರು. ನಿಜವಾದ ನಿವೃತ್ತಿಯೆಂದರೆ ಕೆಲಸ ಬಿಡುವುದಲ್ಲ, ಕಲಿತದ್ದನ್ನು ಕಲಿಯುವವರ ಹತ್ತಿರಕ್ಕೆ ತಂದಿಡುವುದು ಎಂದು ಅವರ ಬಾಳು ಹೇಳುತ್ತದೆ.

ಲೇತ್ ನಡೆಸಲು ಕಲಿತವನು, ಲೆಕ್ಕ ಬರೆಯಲು ಕಲಿತವನು, ಹೋಟೆಲಿನ ಒಲೆಯ ಮುಂದೆ ನೂರು ಜನರ ಅಡುಗೆ ನಿಭಾಯಿಸಲು ಕಲಿತವನು, ಅರ್ಜಿ ಬರೆಯುವುದನ್ನೂ ಸಂಘ ಕಟ್ಟುವುದನ್ನೂ ಕಲಿತವನು, ಇವರೆಲ್ಲರ ಬಳಿಯೂ ಊರಿಗೆ ಒಯ್ಯುವಂಥ ಒಂದು ಗಂಟಿದೆ. ಊರಿಗೆ ಹೋಗಲಾಗದವರು ಇಲ್ಲಿಯೇ ಚಾಳಿನ ಹುಡುಗರಿಗೆ ಅದನ್ನು ಕೊಡಬಹುದು. ಅದು ಸೋರಿಹೋದರೆ ಯಾವ ಮನಿಯಾರ್ಡರಿನಿಂದಲೂ ತುಂಬಿಬರುವುದಿಲ್ಲ.

ಕೋಟೆಯಲ್ಲಿ ಅವರ ಹೆಸರಿನ ದೊಡ್ಡ ರಸ್ತೆಯಿದೆ. ಫ್ಲೋರಾ ಫೌಂಟನ್ ಬಳಿ ಅವರ ಪ್ರತಿಮೆಯಿದೆ. ರಜೆಯ ದಿನ ಆ ಕಡೆ ಹೋದವರು ಮಕ್ಕಳಿಗೆ ತೋರಿಸಿರಿ. ಹಾಗೆಯೇ ಒಂದು ಸಂಜೆ ವರ್ಸೋವಾದ ಕಡಲ ಕರೆಗೂ ಕರೆದುಕೊಂಡು ಹೋಗಿ ಈ ಕಥೆಯನ್ನು ಹೇಳಿರಿ.

ಅಭ್ಯಾಸಕ್ಕೆ ಪ್ರಶ್ನೆಗಳು

(ಭಾನುವಾರದ ಓದುಬಳಗದಲ್ಲಿ ಚರ್ಚಿಸಲು)

೧. ತಲೆಗೆ ವರುಷಕ್ಕೆ ೨೦ ರೂಪಾಯಿ ಎಂಬ ಲೆಕ್ಕವನ್ನು ದಾದಾಭಾಯಿಯವರು ಹೇಗೆ ಹಾಕಿದರು? ಸರಾಸರಿ ಎಂಬುದು ಬಡವನ ನಿಜ ಸ್ಥಿತಿಯನ್ನು ಏಕೆ ಪೂರ್ತಿ ತೋರಿಸುವುದಿಲ್ಲ?

೨. ನಾವು ಊರಿಗೆ ಕಳಿಸುವ ಹಣಕ್ಕೂ ಅವರು ಹೇಳಿದ ಸಂಪತ್ತಿನ ಸೋರಿಕೆಗೂ ಇರುವ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಹೇಳಿರಿ.

೩. ೧೯೦೬ರ ಕಾಂಗ್ರೆಸ್ಸಿಗೆ ಇವರನ್ನೇ ಅಧ್ಯಕ್ಷರಾಗಿ ಕರೆದದ್ದೇಕೆ?

೪. ನಿಮ್ಮ ಕಸುಬಿನಲ್ಲಿ ನೀವು ಕಲಿತ ಯಾವ ಒಂದು ವಿದ್ಯೆಯನ್ನು ಊರಿನ ಅಥವಾ ಇಲ್ಲಿಯ ಕಿರಿಯರಿಗೆ ಕಲಿಸಬಲ್ಲಿರಿ? ಹತ್ತು ಸಾಲಿಗೆ ಮೀರದಂತೆ ಬರೆದು ವಾಚನಾಲಯದ ಮೇಜಿನ ಮೇಲಿರುವ ಪೆಟ್ಟಿಗೆಯಲ್ಲಿ ಹಾಕಿರಿ.